ಕಲಘಟಗಿಯಲ್ಲಿ ತೂಗಿದ ತೊಟ್ಟಿಲು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಭಾನಾಮತಿ, ಗಾಳಿ ಸೋಕುವುದು, ಇವು ಯಾವುದನ್ನೂ ನಾನು ನಂಬಿದವನಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ. ಮೊರಬದ ಶಾಲೆಯಲ್ಲಿದ್ದಾಗ ಅಲ್ಲಿಯ ಒಂದು ಮನೆಯ ಮೇಲೆ ಹಗಲುಹೊತ್ತಿನಲ್ಲಿ ಕಲ್ಲು ಬೀಳುತ್ತವೆಂದು ಊರೇ ನೆರೆದಿತ್ತು. ಆಗ ಮಾಳಿಗೆ ಹತ್ತಿ, ಅಲ್ಲಿ ಸಂಸಾರ ಹೂಡಿದ್ದ ಮಂಗಗಳನ್ನು ತೋರಿಸಿ ಇಳಿದವನು ನಾನು. ಯಾರಾದರೂ ಇಂಥ ಕತೆ ಶುರು ಮಾಡಿದರೆ ನಡುವೆ ಬಾಯಿ ಹಾಕಿ ಕಾರಣ ಕೇಳುವುದು ನನ್ನ ಚಾಳಿ. ಈಗ ನಾನೇ ಕತೆ ಹೇಳಲು ಕೂತಿದ್ದೇನೆ. ನೀವು ಬಾಯಿ ಹಾಕಿದರೆ ನನಗೇನೂ ಬೇಸರವಿಲ್ಲ. ಕಾರಣ ಸಿಕ್ಕರೆ ನನಗೂ ತಿಳಿಸಿ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ನಿವೃತ್ತನಾಗಿ ನವಲಗುಂದದ ಮನೆಯಲ್ಲಿ ಪೇಪರು ಓದುತ್ತ ಕೂತಿದ್ದೆ. ನನ್ನ ಹೆಂಡತಿ ಶಾಂತಾಳಿಗೆ ಆಗ ಫೋನಿನಲ್ಲಿ ಇಂಗ್ಲೆಂಡಿನ ಹಳ್ಳಿಗಾಡು ನೋಡುವ ಹುಚ್ಚು ಹತ್ತಿತ್ತು. ಅಲ್ಲಿಯ ಹಳೆಯ ಸಂತೆಪೇಟೆಗಳು, ಕಲ್ಲಿನ ಮನೆಗಳು, ಕಿಟಕಿಯಲ್ಲಿ ಹೂವಿನ ಕುಂಡ, ನಡುವೆ ಸಂತೆ ಕೂಡುವ ಕಟ್ಟೆ, ಪಕ್ಕದಲ್ಲಿ ಚರ್ಚು. ಒಬ್ಬ ಬಿಳಿಯ ಮುದುಕ ಬೀದಿ ಬೀದಿ ಸುತ್ತಿ ತೋರಿಸುತ್ತಿದ್ದ. ಮಾತು ಅರ್ಥವಾಗದಿದ್ದರೂ ಇವಳು ಕಣ್ಣು ಕೀಳುತ್ತಿರಲಿಲ್ಲ. ಒಂದು ಸಂಜೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಫೋನನ್ನು ನನ್ನ ಮುಖಕ್ಕೆ ಹಿಡಿದಳು.

“ನೋಡ್ರಿ ಇಲ್ಲಿ, ಅಗದಿ ನಮ್ಮ ಅಣ್ಣಿಗೇರಿ ಇದ್ದಂಗ ಐತಿ. ಗುಡಿ, ಗುಡಿ ಬಾಜು ಪ್ಯಾಟಿ, ಪ್ಯಾಟ್ಯಾಗ ಒಂದು ಚಾದ ಅಂಗಡಿ. ಅವರು ಛಲೋ ಫೋಟೋ ತಗೀತಾರ, ನಾವು ತಗ್ಯಂಗಿಲ್ಲ. ಅಷ್ಟ ಫರಕ.”

“ಹಂಗಾರ ಅಣ್ಣಿಗೇರಿಗೇ ಹೋಗೂಣು. ಪಾಸ್‌ಪೋರ್ಟ್ ಬ್ಯಾಡ,” ಎಂದು ನಾನು ತಮಾಷೆಗೆ ಅಂದೆ. ಮರುದಿನ ಅವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಹೀಗೆ ನಮ್ಮ ತಿರುಗಾಟ ಶುರುವಾಯಿತು. ಸಂತೆಯ ದಿನವೇ ಹೋಗಬೇಕು, ಊಟ ಮನೆಯಿಂದ ಒಯ್ಯಬಾರದು, ಇವೆರಡು ಅವಳ ಕರಾರು. ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಕಂಬ ಎಣಿಸಿದೆವು. ಲೆಕ್ಕ ತಾಳೆಯಾಗದೆ ಗುಡಿಯಲ್ಲೇ ಜಗಳವಾಡಿ, ಹೊರಗೆ ಬಂದು ಮಿರ್ಚಿ ಭಜಿ ತಿಂದು ರಾಜಿಯಾದೆವು. ಕುಂದಗೋಳದಲ್ಲಿ ಶಂಭುಲಿಂಗನ ದರ್ಶನ ಮುಗಿಸಿ ಮೆಣಸಿನಕಾಯಿ ಸಂತೆಗೆ ಹೊಕ್ಕು, ಸೀನುತ್ತ ಸೀನುತ್ತ ಬಸ್ ಹತ್ತಿದೆವು. ನಲವತ್ತು ವರ್ಷದಿಂದ ಇದ್ದ ನವಲಗುಂದದಲ್ಲೇ ಜಮಖಾನೆ ನೇಯುವ ಮನೆಯನ್ನು ಒಳಗೆ ಹೋಗಿ ನೋಡಿರಲಿಲ್ಲ. ಅದೂ ಆಯಿತು. ಮಗ್ಗದ ಮೇಲೆ ಅರ್ಧ ಮೂಡಿದ ನವಿಲನ್ನು ಶಾಂತಾ ಎಷ್ಟು ಹೊತ್ತು ನೋಡುತ್ತ ಕೂತಳೆಂದರೆ, ಆ ಮನೆಯ ತಾಯಿ ಚಹಾದ ಮೇಲೆ ಊಟಕ್ಕೂ ಎಬ್ಬಿಸಿದಳು. ಮದುವೆಯಾದ ಹೊಸದರಲ್ಲೂ ನಾವು ಇಷ್ಟು ಜೊತೆಯಾಗಿ ತಿರುಗಿದವರಲ್ಲ. ನನಗೆ ಅವಳ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತ್ತು ಎಂದು ಬರೆಯಲು ಈ ವಯಸ್ಸಿನಲ್ಲಿ ಏನು ನಾಚಿಕೆ?

ಉಳಿದದ್ದು ಕಲಘಟಗಿ. ನಾನು ಆ ಹೆಸರು ತೆಗೆದಾಗಲೆಲ್ಲ ಅವಳಿಗೆ ಮೊಣಕಾಲು ನೋಯುತ್ತಿತ್ತು, ಇಲ್ಲವೇ ಹಪ್ಪಳದ ಹಿಟ್ಟು ಕಲಸಿಟ್ಟಿರುತ್ತಿದ್ದಳು. ಕಾರಣ ನನಗೆ ಗೊತ್ತಿತ್ತು. ಕಲಘಟಗಿ ಎಂದರೆ ಬಣ್ಣದ ತೊಟ್ಟಿಲು. ನಮ್ಮ ಮನೆಯಲ್ಲಿ ತೊಟ್ಟಿಲಿನ ಮಾತು ಆಡುತ್ತಿರಲಿಲ್ಲ.

ಅದನ್ನು ಇಲ್ಲಿ ಹೇಳಲೇಬೇಕು. ನಮ್ಮ ಮೊದಲನೆಯ ಮಗ ಬಸು. ಅವನಿಗೆಂದು ಶಾಂತಾಳ ಸೋದರತ್ತೆಯ ಮನೆಯಿಂದ, ಶಲವಡಿಯಿಂದ, ಕಲಘಟಗಿಯ ತೊಟ್ಟಿಲು ತಂದಿದ್ದೆವು. ನಮ್ಮ ಕಡೆ ತೊಟ್ಟಿಲನ್ನು ಕೊಳ್ಳುವುದಕ್ಕಿಂತ ಮಕ್ಕಳು ಮಲಗಿ ಬೆಳೆದ ಮನೆಯಿಂದ ತರುವುದೇ ಹೆಚ್ಚು. ಕೂಸು ದೊಡ್ಡದಾದ ಮೇಲೆ ತಿರುಗಿ ಕೊಡುವಾಗ ಅದರಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ ಇಟ್ಟು ಕಳಿಸುತ್ತಾರೆ. ಖಾಲಿ ತೊಟ್ಟಿಲು ಕಳಿಸಬಾರದು. ಬಸುಗೆ ಒಂಬತ್ತು ತಿಂಗಳಾದಾಗ ಭೇದಿ ಹಿಡಿಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಎಂಟು ದಿನ ಇಟ್ಟಿದ್ದೆವು. ಉಳಿಯಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ, ಶಾಂತಾ ಒಳಗೆ ಮಲಗಿದ್ದಾಗ, ಆ ತೊಟ್ಟಿಲನ್ನು ಕಣ್ಣಿಂದ ನೋಡಲಾರದೆ ನಾನು ಶಲವಡಿಗೆ ಹೊರಟಿದ್ದ ಟ್ರ್ಯಾಕ್ಟರಿಗೆ ಹಾಕಿ ಕಳಿಸಿಬಿಟ್ಟೆ. ಅವಳು ಎದ್ದು ಬಂದು ತೊಲೆಯ ಬರಿಯ ಕೊಂಡಿಗಳನ್ನು ನೋಡಿದಳು.

“ಖಾಲಿನ ಕಳಿಸಿದ್ರೇನು?” ಎಂದು ಮಾತ್ರ ಕೇಳಿದಳು.

ನಾನು ಕೊಡ ಎತ್ತಿಕೊಂಡು ನೀರಿಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ. ಆಮೇಲೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಸೀರೆಯ ಜೋಲಿಯಲ್ಲೇ ಬೆಳೆದರು. ಬಸುವಿನ ಹೆಸರನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ನಾವಿಬ್ಬರೂ ಒಬ್ಬರ ಎದುರು ಒಬ್ಬರು ತೆಗೆಯಲಿಲ್ಲ. ಅವಳು ಅಂದೇ ನನ್ನನ್ನು ಬಾಯಿ ತುಂಬ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ವರ್ಷ ಶ್ರಾವಣ ಮುಗಿದ ಮೇಲೆ ಒಂದು ದಿನ ಅವಳೇ, “ಕಲಘಟಗಿ ಒಂದ ಉಳೀತಲ್ರಿ, ಹೋಗಿ ಬರೂಣು,” ಎಂದಳು. ನಾನು ಚಪ್ಪಲಿ ಮೆಟ್ಟಿದೆ. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಹೋಗುವಾಗ ಕರಿನೆಲ ಮುಗಿದು ಭತ್ತದ ಗದ್ದೆಗಳು ಬಂದವು. ಸಂತೆಯಲ್ಲಿ ಅವಳು ಒಂದು ತೆಂಗಿನಕಾಯಿ ಕೊಂಡಳು. ಗುಡಿಗೆ ಇರಬೇಕು ಎಂದುಕೊಂಡೆ. ಆದರೆ ಅವಳು ಗುಡಿಯ ದಾರಿ ಬಿಟ್ಟು, ತೊಟ್ಟಿಲು ಮಾಡುವ ಚಿತ್ರಗಾರರ ಮನೆ ಎಲ್ಲಿ ಎಂದು ವಿಚಾರಿಸಿದಳು.

ಮನೆ ಸಿಕ್ಕಿತು. ನಡುಹಗಲು. ಪಡಸಾಲೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಬಣ್ಣ ಅರೆಯುತ್ತ ಕೂತಿದ್ದರು. ಗೋಡೆಗೆ ಒರಗಿಸಿದ ಹೊಸ ಹಲಗೆಗಳ ಮೇಲೆ ಬಾಲಕೃಷ್ಣ ಅರ್ಧ ಮೂಡಿದ್ದ, ಬೆಣ್ಣೆಯ ಗಡಿಗೆ ಇನ್ನೂ ಬರಬೇಕಿತ್ತು. ನಡುತೊಲೆಗೆ ಒಂದು ಹಳೆಯ ತೊಟ್ಟಿಲು ಸರಪಳಿಯಲ್ಲಿ ತೂಗುತ್ತಿತ್ತು. ನಮ್ಮ ನವಲಗುಂದ ಕಡೆಯ ತಿರ್ಲಾಪುರದ ಯಾರೋ ಬಣ್ಣ ಹಚ್ಚಿಸಲು ಕೊಟ್ಟಿದ್ದಾರೆ, ಒಣಗಿ ನಾಲ್ಕು ದಿನ ಆಯಿತು, ಇನ್ನೂ ಒಯ್ದಿಲ್ಲ ಎಂದರು ಅಜ್ಜ. ಅದು ನಮ್ಮ ಬಸು ಮಲಗಿದ ತೊಟ್ಟಿಲೇ ಎಂದು ನಾನು ಹೇಳುವುದಿಲ್ಲ. ಆ ಊರಿನ ಹಳೆಯ ತೊಟ್ಟಿಲುಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಶಾಂತಾ ಹೊಸ್ತಿಲ ಹೊರಗೇ ನಿಂತಳು.

ನನಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ನಾನು ಸುಮ್ಮನಿರುವ ಬದಲು ಏನಾದರೂ ಹುಡುಗಾಟ ಮಾಡುತ್ತೇನೆ. ಫೋನು ತೆಗೆದು, “ಇಂಗ್ಲೆಂಡಿನ ಮುದುಕನಿಗೆ ಕಳಿಸೂಣು,” ಎನ್ನುತ್ತ ವಿಡಿಯೊ ಹಿಡಿದು, ಇನ್ನೊಂದು ಕೈಯಿಂದ ತೊಟ್ಟಿಲನ್ನು ತೂಗಿದೆ.

“ಏ ಸಾಹೇಬ್ರ, ಖಾಲಿ ತೊಟ್ಟಿಲಾ ತೂಗಬ್ಯಾಡ್ರಿ!” ಎಂದು ಅಜ್ಜ ಕೂಗಿದರು.

ಖಾಲಿ ತೊಟ್ಟಿಲು ತೂಗಬಾರದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ತೂಗಿದ್ದೆ. ತಿರುಗಿ ಏನೋ ವಿಜ್ಞಾನದ ಮಾತು ಆಡಲು ಬಾಯಿ ತೆರೆದೆ. ತೊಟ್ಟಿಲು ಭಾರವಾಗಿತ್ತು.

ಇದನ್ನು ಸರಿಯಾಗಿ ಹೇಳಬೇಕು. ಆರು ಮಕ್ಕಳಲ್ಲಿ ನಾನು ಹಿರಿಯವನು. ತಮ್ಮ ತಂಗಿಯರನ್ನೆಲ್ಲ ಮರದ ತೊಟ್ಟಿಲಲ್ಲಿ ತೂಗಿದ ಕೈ ಇದು. ಖಾಲಿ ತೊಟ್ಟಿಲನ್ನು ದೂಡಿದರೆ ಅದು ಗಡಗಡ ಅಲುಗಿ, ಸರಪಳಿ ಸದ್ದು ಮಾಡಿ, ಅಡ್ಡಾದಿಡ್ಡಿ ಹೋಗುತ್ತದೆ. ಕೂಸು ಇದ್ದ ತೊಟ್ಟಿಲು ಹಾಗಲ್ಲ. ನಿಧಾನ ಹೋಗುತ್ತದೆ, ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಸದ್ದಿಲ್ಲದೆ ತಿರುಗಿ ಕೈಗೆ ಬರುತ್ತದೆ. ಅಂದು ಅದು ಹಾಗೆ ನನ್ನ ಕೈಗೆ ಬಂತು. ಬಗ್ಗಿ ನೋಡಿದೆ. ಬರಿಯ ಹಲಗೆ ಇತ್ತು. ಇನ್ನೊಮ್ಮೆ ತೂಗಿದೆ. ಮತ್ತೆ ಹಾಗೆಯೇ ಬಂತು.

ಅಜ್ಜ ಸಿಟ್ಟಿನಿಂದ ಎದ್ದು ಬಂದು ತೊಟ್ಟಿಲನ್ನು ಹಿಡಿದು ನಿಲ್ಲಿಸಿದರು. ಅವರ ಕೈ ತಾಗಿದಾಗ ಸರಪಳಿ ಝಣಝಣ ಎಂದಿತು, ತೊಟ್ಟಿಲು ಹಗುರವಾಗಿ ಅತ್ತಿತ್ತ ಹೊಯ್ದಾಡಿತು. ಅಷ್ಟರಲ್ಲಿ ಶಾಂತಾ ಒಳಗೆ ಬಂದು ನನ್ನ ಬಾಜುವಿಗೆ ನಿಂತಿದ್ದಳು. ಬಂದದ್ದು ನನಗೆ ತಿಳಿಯಲಿಲ್ಲ. ಅವಳು ಅಂಚಿನ ಮೇಲೆ ಕೈಯಿಟ್ಟು ಮೆಲ್ಲಗೆ ತೂಗಿದಳು. ಸರಪಳಿ ಸುಮ್ಮನಾಯಿತು. ನಿಧಾನ ಹೋಯಿತು, ನಿಧಾನ ಬಂತು. ಅವಳು ಕಣ್ಣು ಮುಚ್ಚಿಕೊಂಡು ಎಷ್ಟೋ ಸಲ ತೂಗಿದಳು. ನನ್ನನ್ನು ಗದರಿದ ಅಜ್ಜ ಅವಳಿಗೆ ಬೇಡ ಎನ್ನಲಿಲ್ಲ.

ಆಮೇಲೆ ಅವಳು ಚೀಲದಿಂದ ತೆಂಗಿನಕಾಯಿ ತೆಗೆದಳು. ಅದರ ಕೆಳಗೆ ಒಂದು ಹಸಿರು ಖಣ ಇತ್ತು, ಮನೆಯಿಂದಲೇ ತಂದಿದ್ದಳು. ಎರಡನ್ನೂ ತೊಟ್ಟಿಲಲ್ಲಿಟ್ಟು, “ಅಜ್ಜಾರ, ಒಯ್ಯಾಕ ಬಂದವರಿಗೆ ಇದರ ಜೋಡೀನ ಕೊಡ್ರಿ,” ಎಂದಳು. “ಆಗಲಿ ತಂಗಿ,” ಎಂದರು ಅಜ್ಜ. ಹೊರಡುವ ಮೊದಲು ನಾನು ಇನ್ನೊಮ್ಮೆ ಬೆರಳು ತಾಗಿಸಿದೆ. ಈಗ ಒಳಗೆ ಕಾಯಿ ಇದ್ದರೂ ತೊಟ್ಟಿಲು ಖಾಲಿ ತೊಟ್ಟಿಲಿನಂತೆ ಗಡಗಡ ಎಂದು ಅಲುಗಿತು.

ನನ್ನ ಸ್ವಭಾವ ನೀವು ಬಲ್ಲಿರಿ. ಹದಿನೈದು ದಿನ ಬಿಟ್ಟು ನಾನೊಬ್ಬನೇ ಮತ್ತೆ ಹೋದೆ. ಚೀಲದಲ್ಲಿ ಶಾಲೆಯ ಪ್ರಯೋಗಾಲಯದಿಂದ ಕೇಳಿ ತಂದ ಸ್ಪ್ರಿಂಗ್ ತಕ್ಕಡಿ ಇತ್ತು. ತೊಟ್ಟಿಲು ತಿರ್ಲಾಪುರಕ್ಕೆ ಹೋಗಿತ್ತು. ಅಂಥದೇ ಇನ್ನೊಂದು ಖಾಲಿ ತೊಟ್ಟಿಲನ್ನು ತೂಗಲು ಅಜ್ಜ ಸುತರಾಂ ಬಿಡಲಿಲ್ಲ. ಅಂದಿನ ವಿಡಿಯೊದಲ್ಲಿ ಗೋಡೆ, ನೆಲ ಬಿಟ್ಟು ಏನೂ ಮೂಡಿರಲಿಲ್ಲ. ತೊಲೆಯ ಕೊಂಡಿ ನೋಡಿದೆ, ಸರಪಳಿ ನೋಡಿದೆ. ಎಣ್ಣೆ ಬಿಟ್ಟಿದ್ದಿರಾ ಎಂದು ಕೇಳಿದೆ. “ಇಲ್ರಿ. ನಾ ಕೈ ಹಚ್ಚಿದಾಗ ಹಗುರನ ಇತ್ತು. ನೀವು, ನಿಮ್ಮ ಮನಿಯವ್ರು ತೂಗಿದಾಗ ನಾನೂ ನೋಡೀನಿ. ಹಗುರ ಇರಲಿಲ್ಲ,” ಎಂದರು ಅವರು. ಬಸ್ಸಿನ ದಣಿವು, ಮನಸ್ಸಿನ ಹಳೆಯ ನೋವು, ಕೈಗೆ ಆದ ಭ್ರಮೆ ಎಂದು ನನಗೆ ನಾನೇ ಎಷ್ಟೋ ಪಾಠ ಹೇಳಿಕೊಂಡಿದ್ದೇನೆ. ನನ್ನೊಬ್ಬನ ಕೈಯಾಗಿದ್ದರೆ ಆ ಪಾಠ ಒಪ್ಪಿಗೆಯಾಗುತ್ತಿತ್ತು. ಆದರೆ ನನಗೆ ಭಾರವೆನಿಸಿದ್ದನ್ನು ಆ ಹೊತ್ತಿಗೆ ನಾನು ಶಾಂತಾಳಿಗೆ ಹೇಳಿಯೇ ಇರಲಿಲ್ಲ.

ಇದೆಲ್ಲ ಆಮೇಲಿನ ಮಾತು. ಆ ದಿನ ನಾವು ಹುಬ್ಬಳ್ಳಿ ಬಸ್ಸಿನಲ್ಲಿ ಕೂತಿದ್ದೆವು. ಊರು ದಾಟಿ ಗದ್ದೆಗಳು ಬಂದವು. ನಾನು ಟಿಕೆಟ್ಟನ್ನು ಸುರುಳಿ ಸುತ್ತುತ್ತಿದ್ದೆ. ಕೊನೆಗೆ ನಾನೇ, “ಶಾಂತಾ, ಅವತ್ತ ನಾ ಖಾಲಿ ಕಳಿಸಬಾರದಿತ್ತು. ತಪ್ಪಾತು,” ಎಂದೆ. ಇಷ್ಟು ಚಿಕ್ಕ ಮಾತಿಗೆ ಮೂವತ್ತು ವರ್ಷ ಬೇಕಾಗಿತ್ತು.

ಅವಳು ನನ್ನ ಕೈಯಿಂದ ಟಿಕೆಟ್ಟಿನ ಸುರುಳಿ ತೆಗೆದು, ಬಿಚ್ಚಿ ಚೀಲಕ್ಕೆ ಹಾಕಿದಳು. ನನ್ನ ಕಡೆ ತಿರುಗಿ, “ನೀವು ಮಾಸ್ತರ ಅದೀರಿ. ಎಷ್ಟ ಭಾರ ಇತ್ತು, ಹೇಳ್ರಿ,” ಎಂದಳು.

ನಾನು ಯೋಚಿಸಿ, ಸುಳ್ಳು ಸೇರಿಸದೆ ಹೇಳಿದೆ. “ಎಂಟು ಕಿಲೋ ಇರಬೇಕು.”

“ಹೂಂ. ನನಗೂ ಅಷ್ಟ ಅನಿಸ್ತು,” ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನೆರೆಮನೆಯ ಕೂಸಿನ ಸುದ್ದಿ ಹೇಳುವಷ್ಟು ಹಗುರವಾಗಿ, “ದವಾಖಾನ್ಯಾಗ ಕಡೀಕ ತೂಗಿದಾಗ ಐದೂ ಇರಲಿಲ್ಲ ನಮ್ಮ ಬಸು. ಛಲೋ ಮೈ ತುಂಬ್ಯಾನ ನೋಡ್ರಿ,” ಎಂದಳು.