ಡಬ್ಬಿಯ ಮೇಲಿನ ಆಸಿಡ್

ನಲ್ಲಿಗಳಿಗೆ ನಿಕಲ್ ಹೊಳಪು ಕೊಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಆಸಿಡ್ ತೊಟ್ಟಿಯ ಮುಂದೆ ದುಡಿದವನಿಗೆ ಎರಡು ವರ್ಷದಿಂದ ನಿದ್ದೆ ಹತ್ತುತ್ತಿರಲಿಲ್ಲ. ಈಗ ಕೈಯೂ ನಡುಗತೊಡಗಿತ್ತು. ಇನ್ನೊಮ್ಮೆ ನಲ್ಲಿಗಳ ಬುಟ್ಟಿ ಜಾರಿದರೆ ಕೆಲಸ ಬಿಡಿಸುವುದಾಗಿ ಮೇಸ್ತ್ರಿ ಹೇಳಿಬಿಟ್ಟಿದ್ದ. ಔಷಧದಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಒಂದು ಬೆಳಿಗ್ಗೆ ಬಿಳಿ ಪುಡಿಯ ಡಬ್ಬಿ ತಂದಳು.

“ಗ್ಲೈಸಿನ್ ಅಪ್ಪ, ಅಮೈನೋ ಆಸಿಡ್. ಪವಾಡ ಏನಲ್ಲ, ಸಣ್ಣಪುಟ್ಟ ಪ್ರಯೋಗ ಆಗಿದೆ ಅಷ್ಟೆ. ಕೆಲವರಿಗೆ ಸ್ವಲ್ಪ ಬೇಗ ನಿದ್ದೆ ಬಂತಂತೆ.”

ಆಸಿಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ಡಬ್ಬಿಯನ್ನು ದೂರ ತಳ್ಳಿದ.

“ಅಯ್ಯೋ ನನ್ನ ದೊರೆಯೇ, ನಿನ್ನ ತೊಟ್ಟೀದಲ್ಲ ಇದು! ತಿನ್ನೋ ಬೇಳೆಕಾಳಲ್ಲೂ ಇರುತ್ತೆ, ಹೆಸರಷ್ಟೇ ಹಾಗೆ,” ಎಂದು ನಕ್ಕ ಮಗಳು ಒಂದು ಚಮಚ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ, ಅವನ ಅಂಜಿಕೆ ಬಿಡಿಸಲು ತಾನೇ ಕುಡಿಯಹೊರಟಳು.

ಅವನು ಲೋಟಕ್ಕೆ ಹೊಡೆದ. ಗಾಜು ಗೋಡೆಗೆ ಬಡಿದು ಚೂರಾಯಿತು.

ಚೂರುಗಳನ್ನೇ ನೋಡುತ್ತ ಅವನು ಹೇಳಿದ. “ಎರಡು ವರ್ಷದ ಹಿಂದೆ ನನ್ನ ಜೊತೆಗಾರ ನೀರು ಅಂತ ಆಸಿಡ್ ಕುಡಿದು ಸತ್ತನಲ್ಲ, ಅದನ್ನ ನೀರಿನ ಬಾಟಲಿಗೆ ತುಂಬಿಟ್ಟಿದ್ದು ನಾನೇ ಕಣಮ್ಮ. ಒಂದು ಚೀಟಿ ಅಂಟಿಸೋಕೆ ಸೋಮಾರಿತನ.”

ಮಗಳು ಕೆಳಗೆ ಕೂತು ಚೂರುಗಳನ್ನು ಆಯತೊಡಗಿದಳು. “ಇದು ಇನ್ಯಾರಿಗೆ ಗೊತ್ತಪ್ಪ?” ಎಂದು ತಲೆಯೆತ್ತದೆ ಕೇಳಿದಳು.

“ಈಗ ನಿನಗೆ,” ಎಂದ.