ಪಾಂಡವರ ಮನೆಯ ಮೇಕೆ ಮರಿಗಳು

ಆ ಚಪ್ಪಡಿ ಅಲುಗಿತು. ನನ್ನ ಭಾವ ಇಲ್ಲವೆನ್ನುತ್ತಾರೆ, ಅವರ ದೊಡ್ಡಮ್ಮ ನಗುತ್ತಾರೆ. ಆದರೆ ಆ ಹೊತ್ತಿನಲ್ಲಿ ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ.

ಸಾತನೂರಿನ ಹತ್ತಿರ, ಭಾವನ ಊರಿನ ಹಿಂದಿನ ದಿಬ್ಬದಲ್ಲಿ ಜನ ಪಾಂಡವರ ಮನೆ ಎಂದು ಕರೆಯುವ ಕಲ್ಲುಗೋರಿಗಳಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಮೂಡಲ ಕಡೆಯ ಕಲ್ಲಿಗೆ ದುಂಡನೆಯ ಕಂಡಿ ಕೊರೆದಿದ್ದಾರೆ. ಇತಿಹಾಸ ಬರೆದಿಡುವುದಕ್ಕೂ ಎಷ್ಟೋ ಹಿಂದಿನ ಜನ ತಮ್ಮವರ ಮೂಳೆಗಳನ್ನು ಮಡಕೆಗಳ ಜೊತೆ ಇಟ್ಟ ಜಾಗವೆಂದು ಕಾಲೇಜಿನಲ್ಲಿ ಓದಿದ್ದೆ. ಅಕ್ಕನ ಮನೆಗೆ ಹೋದಾಗ ನೋಡಲೇಬೇಕೆಂದು ಭಾವನನ್ನು ಹೊರಡಿಸಿದೆ.

ಹೆಚ್ಚಿನವು ಬಿದ್ದುಹೋಗಿದ್ದವು. ನಿಂತಿದ್ದ ಒಂದರೊಳಗಿಂದ ಮೇಕೆ ಮರಿಗಳ ಕೂಗು ಕೇಳಿಸಿತು. ದೊಡ್ಡಮ್ಮ ಹೊರಗೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ತಾಯಿ ಮೇಕೆಗಳು ಕೆಳಗೆ ಮೇಯುವಷ್ಟು ಹೊತ್ತು ಎಳೆ ಮರಿಗಳನ್ನು ಗೋರಿಯೊಳಗೆ ಬಿಟ್ಟು, ಕಂಡಿಗೆ ಕಲ್ಲು ಮುಚ್ಚುವುದು ಅವರ ಅತ್ತೆಯ ಕಾಲದಿಂದ ಬಂದ ರೂಢಿ.

"ಇದು ಗೋರಿಯಂತೆ ದೊಡ್ಡವ್ವ, ಇವ್ಳು ಓದವ್ಳೆ," ಎಂದರು ಭಾವ.

"ಆಗ್ಲಿ ಬುಡ್ಲಾ. ಸತ್ತೋರೇನು ಮರಿ ತಿಂದಾರಾ? ಚಿರತೆ ತಿಂತದೆ. ಒಳಗೆ ನೀರಿನ ಮಡಕೆ ಇದ್ದಂಗೆ ತಣ್ಣಗಿರ್ತದೆ ಕಣವ್ವ."

ಮರಿಗಳಿಗೆ ಹಾಲು ಕುಡಿಸುವ ಹೊತ್ತಾಗಿತ್ತು. ಅವರು ಕಂಡಿ ತೆರೆದು ಒಂದೊಂದಾಗಿ ಮರಿಗಳನ್ನು ಹೊರಗೆ ಕರೆದರು. ನಾನು ಗೋರಿಯ ಪಕ್ಕಕ್ಕೆ ಹೋದೆ. ನಿಧಿಯ ಆಸೆಗೆ ಯಾರೋ ಅಲ್ಲಿ ಚಪ್ಪಡಿಯ ಬುಡ ಅಗೆದಿದ್ದರು. ಗುಂಡಿಯಲ್ಲಿ ಒಣಗಿದ ನಿಂಬೆಹಣ್ಣು ಬಿದ್ದಿತ್ತು. ಒಂದು ಮರಿ ಮಾತ್ರ ಹೊರಗೆ ಬರಲಿಲ್ಲ. ದೊಡ್ಡಮ್ಮ ಮೊಣಕಾಲೂರಿ, ತಲೆಯನ್ನೂ ಭುಜವನ್ನೂ ಕಂಡಿಯೊಳಗೆ ತೂರಿಸಿದರು.

ಆಗ ಗುಂಡಿಯ ಅಂಚಿನಿಂದ ಮಣ್ಣು ಸಣ್ಣಗೆ ಸುರಿಯತೊಡಗಿತು. ತಲೆ ಎತ್ತಿದೆ. ಮೇಲಿನ ಚಪ್ಪಡಿಗೂ ಪಕ್ಕದ ಚಪ್ಪಡಿಗೂ ನಡುವೆ ಕೂದಲೆಳೆಯಷ್ಟಿದ್ದ ಬಿರುಕು ಬೆರಳು ತೂರುವಷ್ಟು ಅಗಲವಾಯಿತು.

"ಭಾವ, ಎಳೀರಿ ಅವ್ರನ್ನ! ಕಲ್ಲು ಬೀಳ್ತಿದೆ!"

"ಒಸಿ ತಡೀರಿ, ಕಾಲು ಸಿಕ್ತು," ಎಂದಿತು ಗೋರಿಯೊಳಗಿನ ದನಿ.

ಭಾವ ತಡೆಯಲಿಲ್ಲ. ಎರಡೂ ಪಾದ ಹಿಡಿದು ಎಳೆದರು. "ಸೀರೆ ಬುಡ್ಲಾ, ಮೂದೇವಿ!" ಎಂದು ಬೈಯುತ್ತಾ ದೊಡ್ಡಮ್ಮ ಹೊರಗೆ ಬಂದರು, ಕೈಯಲ್ಲಿ ಮರಿಯ ಹಿಂಗಾಲು. ಹಿಂದೆಯೇ ಕಲ್ಲಿಗೆ ಕಲ್ಲು ಉಜ್ಜಿದ ಸದ್ದು. ಅಷ್ಟೇ. ಏನೂ ಬೀಳಲಿಲ್ಲ.

"ಎಲ್ಲಿ ಬಿತ್ತವ್ವ?" ಎಂದರು ದೊಡ್ಡಮ್ಮ, ತರಚಿದ ಮೊಣಕೈಗೆ ಎಂಜಲು ಸವರಿಕೊಂಡು. "ಭೀಮ ಇಟ್ಟಿರೋ ಕಲ್ಲು. ಇಷ್ಟು ಕಾಲ ನಿಂತಿದ್ದು ನನ್ನ ತಲೆ ಮೇಲೆ ಬೀಳಕ್ಕೇ ಕಾಯ್ತಿತ್ತಾ?"

ಭಾವನೂ ನಕ್ಕರು. ಅವರು ನೋಡಿದ್ದು ಪಾದಗಳನ್ನು ಮಾತ್ರ.

ಈಗಲೂ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಆ ಬಿರುಕು ಕಣ್ಣೆದುರು ಅಗಲವಾಗುತ್ತದೆ. ಆ ಕಲ್ಪನೆಯಲ್ಲಿ ಪ್ರತಿ ಸಲವೂ ಭಾವ ಎಳೆಯಲು ಒಂದು ಕ್ಷಣ ತಡ ಮಾಡುತ್ತಾರೆ. ಆದರೆ ಅಂದು ಕಂಡದ್ದರ ಬಗ್ಗೆ ಅನುಮಾನವಿಲ್ಲ.

ಅದರ ಮುಂದಿನ ತಿಂಗಳು ಮತ್ತೆ ದಿಬ್ಬ ಹತ್ತಿದ್ದೆ. ಗೋರಿಯ ಕಂಡಿಗೆ ಜಾಲಿ ಮುಳ್ಳು ತುರುಕಿದ್ದರು. ಮರಿಗಳು ದೂರದ ಹೊಂಗೆಯ ಕೆಳಗೆ, ಕವುಚಿದ ಮಂಕರಿಯೊಳಗೆ ಕೂಗುತ್ತಿದ್ದವು. ಪಕ್ಕದಲ್ಲೇ ದೊಡ್ಡಮ್ಮ ಕೋಲು ಹಿಡಿದು ಕಾವಲು ಕೂತಿದ್ದರು.

"ಯಾಕೆ ದೊಡ್ಡವ್ವ, ಇಲ್ಲಿ?"

ಅವರು ನನ್ನ ಮುಖ ನೋಡಲಿಲ್ಲ.

"ಅದ್ರೊಳಗೆ ಬಲೇ ಸೆಕೆ ಕಣವ್ವ."