ಹೆಜ್ಜಾರ್ಲೆಯ ಹೊಟ್ಟೆನೋವು

ಇವತ್ತು ಬೆಳಿಗ್ಗೆ ಮದ್ದೂರಿನ ಬಸ್ಸಿನಲ್ಲಿ ಯಾರದೋ ಕುಕ್ಕೆಯಿಂದ ಹಸಿ ಮೀನಿನ ವಾಸನೆ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಕೂತಲ್ಲಿಂದಲೇ ಕೊಕ್ಕರೆ ಬೆಳ್ಳೂರಿನ ಸೋದರತ್ತೆಯ ಮನೆ ತಲುಪಿಬಿಟ್ಟೆ.

ಅತ್ತೆಯ ಅಂಗಳದ ಹುಣಸೆಮರದ ತುಂಬ ಮೀನು ನುಂಗಿ ಮೀನೇ ನಾರುವ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿಗಳ ಗೂಡು. ಅವು ಮರಿ ಮಾಡುವ ಕಾಲದಲ್ಲಿ ಮೇಲಿಂದ ಹಿಕ್ಕೆಯ ಮಳೆ; ಸ್ನಾನ ಮುಗಿಸಿ ಬಚ್ಚಲಿಂದ ಮನೆಯೊಳಕ್ಕೆ ಕೊಡೆ ಹಿಡಿದೇ ಬರಬೇಕು. ನೀವೇನಾದರೂ ಗೊಣಗಿದಿರೋ, "ಹೆಣ್ಮಕ್ಳು ಬಾಣಂತನಕ್ಕೆ ಬಂದವೆ. ನೀನ್ಯಾತಕ್ಕೆ ಬಂದಿದ್ದೀಯ?" ಎಂದು ಅತ್ತೆ ಕೇಳುತ್ತಾರೆ. ನಾನು ಕೊಡೆ ಬಿಚ್ಚುತ್ತೇನೆ.

ಒಂದು ವರ್ಷ ನಾನು ಅಲ್ಲಿದ್ದಾಗಲೇ ಹಕ್ಕಿಗಳು ಮರದಿಂದ ಬೀಳತೊಡಗಿದವು. ಒಂದು ಸತ್ತೇ ಬಿತ್ತು. ಇನ್ನೊಂದು ಕತ್ತೆತ್ತಲಾರದೆ ಕುಸಿದಿತ್ತು. ಹಕ್ಕಿಜ್ವರವೆಂದು ಊರೆಲ್ಲ ಗುಲ್ಲು. ಕೋಳಿಸಾರಿಗೆಂದೇ ಮಳವಳ್ಳಿಯಿಂದ ಬಂದಿದ್ದ ಅತ್ತೆಯ ಅಳಿಯ ಬರೀ ಮಜ್ಜಿಗೆಯಲ್ಲಿ ಮುದ್ದೆ ನುಂಗಿದ. ನಾನೊಮ್ಮೆ ಸೀನಿದ್ದಕ್ಕೆ ಚಾಪೆ ಸುತ್ತಿಕೊಂಡು ಕೊಟ್ಟಿಗೆ ಸೇರಿದ. ನಾನೇನು ಕಡಿಮೆಯೇ? ಗುಟ್ಟಾಗಿ ಹಣೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅತ್ತೆ ಮಾತ್ರ ಊಟ ಬಿಟ್ಟು ಹಕ್ಕಿಯನ್ನೇ ನೋಡುತ್ತ ಕೂತರು. ಪಶುವೈದ್ಯರು ಬಂದು ಸತ್ತದ್ದನ್ನು ಪರೀಕ್ಷೆಗೆ ಕಳಿಸಿದರು. ಬದುಕಿದ್ದನ್ನು ಬಲೆಯೊಳಗಿಟ್ಟು, ಯಾರೂ ಬರಿಗೈಲಿ ಮುಟ್ಟಬೇಡಿ ಎಂದರು. ಕೆಲವು ದಿನಗಳ ಮೇಲೆ ಮತ್ತೆ ಬಂದು, "ಹಕ್ಕಿಜ್ವರ ಅಲ್ಲಮ್ಮ. ಹೊಟ್ಟೇಲಿ ಹುಳ. ಗಲೀಜು ನೀರಿನ ಮೀನು ತಿಂದು ಬಂದಿರೋದು" ಎಂದರು.

"ಜಂತುಹುಳ ಅನ್ನಿ ಸಾಮಿ! ಮರದ ಮ್ಯಾಲಿರೋವ್ಕೂ ಔಸ್ದಿ ಕುಡಿಸ್ಬುಡಿ."

"ಹಾರೋವ್ಕೆ ಹೆಂಗಮ್ಮ ಕುಡಿಸ್ಲಿ? ಕೆರೆ ಚೊಕ್ಕಟವಾಗ್ಬೇಕು."

ಹಾರಲಾರದವರು ಮನೆಯಲ್ಲಿ ನಾನು, ಅಳಿಯ ಇಬ್ಬರಿದ್ದೆವು. ಮರುದಿನ ಬೆಳಿಗ್ಗೆ ಬೇವಿನ ಕಷಾಯದ ಲೋಟ ಎದುರಿಗೆ ಬಂತು.

"ಹುಳ ಬಂದಿರೋದು ಹಕ್ಕಿಗೆ ಅತ್ತೆ!" ಎಂದೆ.

"ಅದೇ ಕೆರೆ ಮೀನು ನೀನೂ ತಿಂದಿಲ್ವೇನ್ಲಾ? ಬಾಯ್ ತಗಿ."

ವಾದಿಸಲು ಬಾಯಿ ತೆರೆದದ್ದೇ ತಪ್ಪಾಯಿತು. ನಮಗೆ ಕುಡಿಸಿದ ಬಿಸಿಯಲ್ಲೇ ಅತ್ತೆ ಓಣಿಯ ಹೆಂಗಸರನ್ನು ಕಟ್ಟಿಕೊಂಡು, ಕೆರೆಗೆ ಕಸ ಸುರಿಯುವವರ ಮನೆ ಬಾಗಿಲಿಗೇ ಹೋಗಿ ಜಗಳ ತೆಗೆದರು. ಕೆಲವರು ನಿಲ್ಲಿಸಿದರು, ಕೆಲವರು ಜಾಗ ಬದಲಿಸಿದರು.

ವೈದ್ಯರ ಔಷಧಿ ಹಿಡಿದು ಹಕ್ಕಿ ಚೇತರಿಸಿಕೊಂಡಿತು. ಬಲೆ ತೆಗೆದ ದಿನ ತೂರಾಡುತ್ತ ಮರವೇರಿ, ಮೊದಲ ಪ್ರಸಾದವನ್ನು ನೇರ ಅಳಿಯನ ತಲೆಗೆ ಕೊಟ್ಟಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಉಸಾರಾಗವ್ಳೆ ಕಣ್ಲಾ!"

ಬಸ್ಸಿಳಿದವನೇ ಅತ್ತೆಗೆ ಫೋನು ಮಾಡಿದೆ.

"ಮರದಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಅತ್ತೆ?"

"ಚೆನ್ನಾಗವೆ."

"ನೀವು?"

"ಈಗ ಸರಿಯಾಗಿ ಕೇಳೋದು ಕಲ್ತೆ ನೋಡು. ಮೊದ್ಲು ಹೆಣ್ಮಕ್ಳು, ಆಮೇಲೆ ನಾನು" ಎಂದರು.